ಆಂಪ್ಲಿಫೈಯರಿನೊಳಗೆ ಎರಡು ಕಲ್ಲು

ಅಕ್ಕನ ತಮ್ಮ ಪೆಟ್ಟಿಗೆಯೊಳಗಿಂದ ಎರಡನೆಯ ಕಲ್ಲನ್ನೂ ಎತ್ತಿ ಟೀಪಾಯಿಯ ಮೇಲಿಟ್ಟ. ಟೀಪಾಯಿ ಕಿರ್ರೆಂದಿತು. ಕೋಣೆಯಲ್ಲಿದ್ದ ಮಿಕ್ಕ ನಾಲ್ವರು ಕಲ್ಲನ್ನೂ ಪೆಟ್ಟಿಗೆಯನ್ನೂ ಒಬ್ಬರ ಮುಖವನ್ನೊಬ್ಬರೂ ನೋಡಿಕೊಂಡರು.

ಒಂದು ಗಂಟೆಯ ಹಿಂದೆ ದಂತವೈದ್ಯರ ಆಂಪ್ಲಿಫೈಯರು ಹಾಡಿನ ನಡುವೆ ಮೂಕವಾಗಿತ್ತು. ರಿಪೇರಿಗೆ ಬಂದ ಈ ತಮ್ಮ ಅದರ ಮುಚ್ಚಳ ಬಿಚ್ಚಿದರೆ ಒಳಗೆ ಕಲ್ಲು. ಡಾಕ್ಟರು ಅವನ ರಟ್ಟೆ ಹಿಡಿದು ಕಳ್ಳ ಎಂದಿದ್ದರು. ಅವನು ಅಕ್ಕನಿಗೆ ಫೋನು ಮಾಡಿದ್ದ.

ಅಕ್ಕ ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟರು. ಮುಂದುಗಡೆ ನೀಲಿ ಬೆಳಕಿನ ಮೀಟರುಗಳ ಎರಡು ಮುಳ್ಳು, ಬೆಳ್ಳಿ ಬಣ್ಣದ ದೊಡ್ಡ ಗುಂಡಿ, ಎಲ್ಲವೂ ರಾಜಠೀವಿಯಲ್ಲಿದ್ದವು. ಹಿಂದೆ ಮಾತ್ರ ಅಂಗೈಯಗಲದ ಒಂದು ಹಸಿರು ಬೋರ್ಡು ಮೂಲೆಯಲ್ಲಿ ಮುದುರಿ ಕೂತಿತ್ತು. ಟೇಬಲ್ ರೇಡಿಯೋದಲ್ಲಿ ಇರುವಂಥದ್ದು. ಉಳಿದದ್ದೆಲ್ಲ ಗಾಳಿ.

ಅಕ್ಕ ಮೂವತ್ತೊಂದು ವರ್ಷ ವಿಮಾ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದವರು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳುವಾಯಿತೆಂದು ಬರೆಸಿ ಮಾವನ ಮನೆಯಲ್ಲಿ ಬಚ್ಚಿಟ್ಟ ಜನರೇಟರು, ಎಲ್ಲವನ್ನೂ ಕಂಡು ಬಂದವರು. ನಿವೃತ್ತರಾದ ಮೇಲೂ ಊರಿಗೆಲ್ಲ ಸರ್ವೇ ಅಕ್ಕ. ಸಂಗೀತದ ವಿಷಯದಲ್ಲಿ ಮಾತ್ರ ಅವರಿಗೆ ಕುಕ್ಕರಿನ ಸೀಟಿ ಎಷ್ಟು ಆಯಿತು ಎಂಬುದಕ್ಕಿಂತ ಹೆಚ್ಚಿನ ಜ್ಞಾನವಿರಲಿಲ್ಲ.

"ಇದು ಯಾವಾಗಿಂದ ಹೀಗಿದೆ?" ಅಕ್ಕ ಕೇಳಿದರು.

"ಬುಧವಾರದಿಂದ," ಎಂದರು ಡಾಕ್ಟರು. "ಬುಧವಾರ ಇವನು ಸ್ಪೀಕರ್ ವೈರು ಬದಲಾಯಿಸೋಕೆ ಬಂದಿದ್ದ. ನಾನು ಕ್ಲಿನಿಕ್ಕಲ್ಲಿದ್ದೆ. ಪೂರ್ತಿ ಒಂದು ಗಂಟೆ ಈ ಕೋಣೇಲಿ ಒಬ್ಬನೇ ಇದ್ದ. ಇನ್ನೇನು ಬೇಕು?"

"ಬುಧವಾರಕ್ಕೆ ಮುಂಚೆ ಸರಿ ಇತ್ತು ಅನ್ನೋದಕ್ಕೆ ಏನು ಸಾಕ್ಷಿ?"

"ಮೇಡಂ, ಹೋದ ಭಾನುವಾರ ನಾವು ಮೂರೂ ಜನ ಇಲ್ಲೇ ಕೂತು ಮೂರು ಗಂಟೆ ಕೇಳಿದೀವಿ. ನನಗೇನು ಕಿವಿ ಇಲ್ವಾ?"

ಅಕ್ಕ ತಮ್ಮನ ಕಡೆ ತಿರುಗಿದರು. "ನೀನು ತೆಗೆದೆಯೇನೋ?"

"ಇಲ್ಲ ಅಕ್ಕ," ಎಂದ ತಮ್ಮ. ಅವನ ಕಣ್ಣು ಕಲ್ಲಿನ ಮೇಲೇ ಇತ್ತು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ನಿವೃತ್ತ ಜಡ್ಜರು, ಇನ್ನೊಬ್ಬರು ಟೈಲ್ಸ್ ಅಂಗಡಿಯವರು. ಡಾಕ್ಟರೂ ಸೇರಿ ಈ ಮೂವರ ಹತ್ತಿರ ಮಾತ್ರ ಊರಿನಲ್ಲಿ ಇಂಥ ಆಂಪ್ಲಿಫೈಯರುಗಳಿದ್ದವು. ಒಂದೊಂದಕ್ಕೂ ಕೊಟ್ಟ ಹಣದಲ್ಲಿ ಸಣ್ಣದೊಂದು ಮನೆ ಬರುತ್ತಿತ್ತು. ಡಾಕ್ಟರದೂ ಜಡ್ಜರದೂ ಒಂದೇ ಮಾಡೆಲ್ಲು, ಅವಳಿ. ಟೈಲ್ಸಿನವರದು ಗಾಜಿನ ಬಲ್ಬು ಉರಿಯುವ ಹಳೇ ಕಾಲದ ಜಾತಿ. ಪ್ರತಿ ಭಾನುವಾರ ಬೆಳಿಗ್ಗೆ ಡಾಕ್ಟರ ಮನೆಯಲ್ಲಿ ಕೂತು ಕೇಳುವುದು, ತಿಂಗಳ ಕೊನೆಯ ಭಾನುವಾರ ಮಾತ್ರ ಉಳಿದಿಬ್ಬರ ಮನೆಗೆ ಸರದಿಯ ಮೇಲೆ ಹೋಗುವುದು, ಕೇಳಿದ ಮೇಲೆ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವುದು ಅವರ ಪದ್ಧತಿ.

ಟೈಲ್ಸಿನವರು ಟೀಪಾಯಿಗೆ ಬಗ್ಗಿ ಕಲ್ಲಿನ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದರು. ಅವರ ಮುಖ ಅರಳಿತು.

"ಒಳ್ಳೇ ಮಾಲು. ಹದಿನೆಂಟು ಎಂಎಂ ಗ್ರಾನೈಟು. ಅಂಚು ಮೆಷೀನ್ ಪಾಲಿಶು. ಇಷ್ಟು ನೀಟಾಗಿ ಈ ಊರಲ್ಲಿ ನನ್ನ ಅಂಗಡಿ ಬಿಟ್ರೆ ಇನ್ನೆಲ್ಲೂ..." ಅಷ್ಟರಲ್ಲಿ ಅವರಿಗೆ ತಾನು ಏನು ಹೇಳುತ್ತಿದ್ದೇನೆ ಎಂದು ಹೊಳೆಯಿತು. ಕೈ ಹಿಂದೆಗೆದುಕೊಂಡರು. "ಅಲ್ಲ, ಇಂಥದ್ದು ಯಾರು ಬೇಕಾದ್ರೂ ಕೊಳ್ತಾರೆ. ನಾನಂತೂ ಅವತ್ತು ಊರಲ್ಲೇ ಇರಲಿಲ್ಲ."

"ಯಾವತ್ತು?" ಅಕ್ಕ ಕೇಳಿದರು.

"ಯಾವತ್ತೋ. ಇದು ಆದ ದಿವಸ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅಕ್ಕ ಬೇಕಾದಷ್ಟು ನೋಡಿದ್ದರು. ನಿಜವಾಗಿ ಕುಂಬಳಕಾಯಿ ಕದ್ದವನು ಹೆಗಲು ಮುಟ್ಟುವುದಿಲ್ಲ, ಪಲ್ಯ ಚೆನ್ನಾಗಿದೆ ಎನ್ನುತ್ತಾನೆ. ಅವರು ಟೈಲ್ಸಿನವರನ್ನು ಅಲ್ಲಿಗೇ ಬಿಟ್ಟರು.

"ಆ ಪುಸ್ತಕ ಕೊಡಿ," ಎಂದರು.

ಕೆಂಪು ರಟ್ಟಿನ ದಪ್ಪ ಪುಸ್ತಕ. ಅಕ್ಕ ಕನ್ನಡಕ ಏರಿಸಿ ಹೋದ ಭಾನುವಾರದ ಪುಟ ತೆಗೆದು ಗಟ್ಟಿಯಾಗಿ ಓದಿದರು.

"ಡಾಕ್ಟರು ಬರೆದಿದ್ದು: 'ಇವತ್ತು ಗಾಯಕಿ ಉಸಿರು ಎಳೆದುಕೊಂಡಾಗ ಆಕೆಗೆ ಸ್ವಲ್ಪ ನೆಗಡಿ ಇದೆ ಎಂಬುದೂ ತಿಳಿಯಿತು. ಇಂಥ ಪಾರದರ್ಶಕತೆ ಬೇರೆ ಯಾವ ಯಂತ್ರಕ್ಕೂ ಸಾಧ್ಯವಿಲ್ಲ.' ಟೈಲ್ಸಿನವರು ಬರೆದಿದ್ದು: 'ಡ್ರಮ್ಮಿನ ಪೆಟ್ಟು ಹೊಟ್ಟೆಯಲ್ಲಿ ಕೂತಿತು. ಮಧ್ಯಾಹ್ನ ಊಟ ಸೇರಲಿಲ್ಲ.' ಜಡ್ಜರು ಬರೆದಿದ್ದು: 'ಒಪ್ಪಿದೆ.'"

"ನೋಡಿದ್ರಾ," ಎಂದರು ಡಾಕ್ಟರು. "ಮೂರು ಸಾಕ್ಷಿ. ಹೋದ ಭಾನುವಾರ ಪೆಟ್ಟಿಗೆ ಅಸಲಿ. ಇವತ್ತು ಕಲ್ಲು. ನಡುವೆ ಬಂದವನು ಇವನೊಬ್ಬನೇ. ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೇಲಿ ದೂರು ಕೊಡ್ತೀನಿ."

ಅಕ್ಕನಿಗೆ ಆಗ ಪರಿಸ್ಥಿತಿಯ ಇಕ್ಕಟ್ಟು ಅರ್ಥವಾಯಿತು. ತಮ್ಮ ಉಳಿಯಬೇಕಾದರೆ ಪೆಟ್ಟಿಗೆ ಬುಧವಾರಕ್ಕಿಂತ ಮುಂಚೆಯೇ ಬದಲಾಗಿರಬೇಕು. ಹಾಗೆ ಬದಲಾಗಿದ್ದರೆ ಈ ಮೂವರು ದೊಡ್ಡಮನುಷ್ಯರು ಟೇಬಲ್ ರೇಡಿಯೋ ಕೇಳಿ ನೆಗಡಿಯವರೆಗೂ ವರ್ಣಿಸಿದರು ಎಂದಾಗುತ್ತದೆ. ಡಾಕ್ಟರು ಬೇಕಾದರೆ ತಮ್ಮನನ್ನು ಜೈಲಿಗೆ ಕಳಿಸಿಯಾರು, ಸ್ವಂತ ಕಿವಿಯ ಮೇಲೆ ಆ ಮಾತು ಬರಲು ಬಿಡುವುದಿಲ್ಲ.

"ಈ ಮನೇಲಿ ಬೇರೆ ಯಾರಿದ್ದಾರೆ?"

"ಹೆಂಡತಿ ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಾಳೆ. ನಮ್ಮತ್ತೆ ಹಿಂದುಗಡೆ ಕೋಣೇಲಿದ್ದಾರೆ. ಅವರಿಗೂ ಸಂಗೀತಕ್ಕೂ ಸಂಬಂಧ ಇಲ್ಲ."

"ನನಗೂ ಇಲ್ಲ," ಎಂದು ಅಕ್ಕ ಎದ್ದರು.

ಅಜ್ಜಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪದಬಂಧ ಬಿಡಿಸುತ್ತಿದ್ದರು. ಪಕ್ಕದ ಲೋಟದ ನೀರಿನಲ್ಲಿ ಹಲ್ಲುಸೆಟ್ಟು ಮುಳುಗಿತ್ತು. ಅಕ್ಕನನ್ನೂ, ಹಿಂದೆ ಬಂದು ಬಾಗಿಲಲ್ಲಿ ನಿಂತ ಅಳಿಯನನ್ನೂ, ಅಳಿಯನ ಭುಜದಾಚೆ ತಮ್ಮನನ್ನೂ ನೋಡಿ, ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ, ಹಲ್ಲು ಹಾಕಿಕೊಂಡರು.

"ಹಲ್ಲಿಲ್ಲದ ಸಾಕ್ಷಿ ಯಾರು ಕೇಳ್ತಾರೆ," ಎಂದರು. "ಕೂತ್ಕೋ ಮಗಳೇ. ಕಲ್ಲು ಸಿಕ್ಕಿತಂತಲ್ಲ."

"ಅಮ್ಮ, ಆ ಪೆಟ್ಟಿಗೆ ವಿಷಯದಲ್ಲಿ ನಿಮಗೇನಾದ್ರೂ ಬದಲಾವಣೆ ಕಂಡಿತ್ತಾ?"

"ಕಂಡಿತ್ತು. ಬಿಸಿ ಆಗೋದು ನಿಂತುಹೋಯ್ತು."

ಬಾಗಿಲಲ್ಲಿದ್ದ ಡಾಕ್ಟರು ಒಂದು ಹೆಜ್ಜೆ ಮುಂದೆ ಬಂದರು. "ನಿಮಗೆ ಹೇಗೆ ಗೊತ್ತು ಅತ್ತೆ?"

"ಅಳಿಯಂದಿರು ಅದನ್ನ ಯಾವಾಗ್ಲೂ ಆನ್ ಮಾಡಿಟ್ಟಿರೋರು. ಆರಿಸಿದ್ರೆ ನಾದ ಅರಳಲ್ಲ ಅಂತ. ಅವರು ಕ್ಲಿನಿಕ್ಕಿಗೆ ಹೋದ್ಮೇಲೆ ನಾನು ಮಂಡಿಗೆ ಕಟ್ಟೋ ಬಟ್ಟೆ ಅದರ ಮೇಲಿಟ್ಟು ಕಾಯಿಸ್ಕೊಳ್ತಿದ್ದೆ. ಹಂಚಿನ ಹಾಗೆ ಕಾಯ್ತಿತ್ತು. ಹತ್ತು ನಿಮಿಷ ಸಾಕು."

ಡಾಕ್ಟರ ಮುಖದಲ್ಲಿ ಆಂಪ್ಲಿಫೈಯರು ಕಳೆದುಕೊಂಡಾಗಲೂ ಕಾಣದ ನೋವು ಕಂಡಿತು. "ಅದರ ಮೇಲೆ ಬಟ್ಟೆ ಇಡ್ತಿದ್ರಾ?"

"ಹರಡಿ ಇಡ್ತಿರಲಿಲ್ಲ. ಮಡಚಿ ಇಡ್ತಿದ್ದೆ."

"ಯಾವಾಗಿಂದ ಬಿಸಿ ಆಗೋದು ನಿಂತಿತು ಅಂತ ನೆನಪಿದೆಯಾ?" ಅಕ್ಕ ಕೇಳಿದರು.

"ಈ ಹಲ್ಲು ಹಾಕಿಸ್ಕೊಂಡ ಮಾರನೇ ದಿವಸ. ಹೊಸ ಹಲ್ಲು ನೋಯ್ತಿತ್ತು, ಮಂಡೀನೂ ನೋಯ್ತಿತ್ತು. ಬಟ್ಟೆ ಇಟ್ಟೆ, ತಣ್ಣಗೇ ಇತ್ತು. ಅಳಿಯಂದಿರಿಗೆ ಹೇಳ್ದೆ, ನಿಮ್ಮ ಪೆಟ್ಟಿಗೆಗೆ ಜ್ವರ ಬಿಟ್ಟಿದೆ ಅಂತ. ಅವರು ಕಣ್ಣು ಮುಚ್ಚಿ ಪಿಟೀಲು ಕೇಳ್ತಾ ಕೂತಿದ್ರು. ಮಾತಾಡ್ಬೇಡಿ ಅಂತ ಕೈ ಮಾಡಿದ್ರು."

ಹಲ್ಲು ಕೂರಿಸಿದ್ದು ಅಳಿಯನೇ. ಅಕ್ಕ ಅವರ ಕಡೆ ನೋಡಿದರು. ಡಾಕ್ಟರು ಜೇಬಿನಿಂದ ಫೋನು ತೆಗೆದು ಕ್ಲಿನಿಕ್ಕಿನ ದಿನಚರಿಯಲ್ಲಿ ಹುಡುಕಿದರು. ಹುಡುಕಿದ ಮೇಲೂ ಸ್ವಲ್ಪ ಹೊತ್ತು ಹುಡುಕುವವರ ಹಾಗೆ ಬೆರಳಾಡಿಸುತ್ತಿದ್ದರು.

"ಸಿಕ್ಕಿತಾ?"

"ಹನ್ನೆರಡನೇ ತಾರೀಕು. ಶುಕ್ರವಾರ."

"ಯಾವ ತಿಂಗಳು?"

ಡಾಕ್ಟರು ಫೋನನ್ನು ಜೇಬಿಗಿಟ್ಟರು. "ನಾಲ್ಕು ತಿಂಗಳಾಯ್ತು."

ಬಾಗಿಲಾಚೆ ನಿಂತಿದ್ದ ತಮ್ಮ ನಿಟ್ಟುಸಿರು ಬಿಟ್ಟ. ಅಜ್ಜಿ ಅವನನ್ನು ನೋಡಿ ಪದಬಂಧದ ಕಡೆ ತಲೆ ತಗ್ಗಿಸಿದರು.

ಕೇಳುವ ಕೋಣೆಗೆ ಮರಳಿ ಬಂದ ಅಕ್ಕ ಆ ನಾಲ್ಕು ತಿಂಗಳ ಪುಟಗಳನ್ನೂ ಅದಕ್ಕೆ ಮುಂಚಿನವನ್ನೂ ಒಂದೊಂದಾಗಿ ಮಗುಚಿದರು. ಪೆಟ್ಟಿಗೆ ಅಸಲಿಯಾಗಿದ್ದ ದಿನಗಳಲ್ಲಿ ಅಭಿಪ್ರಾಯಗಳು ಎರಡು ಸಾಲಿನವು. ಚೆನ್ನಾಗಿದೆ, ತುಂಬಿಕೊಂಡಿದೆ, ಸ್ವಲ್ಪ ಭಾರ. ಕಲ್ಲು ಬಂದ ಮೇಲೆ ಬರವಣಿಗೆಗೆ ರೆಕ್ಕೆ ಮೂಡಿತ್ತು. 'ನಿಶ್ಶಬ್ದಕ್ಕೂ ಒಂದು ಸುಗಂಧವಿದೆ ಎಂದು ಇವತ್ತು ಅರಿತೆ.' 'ಪಿಯಾನೋದ ಮರ ಯಾವ ಕಾಡಿನದು ಎಂದು ಊಹಿಸಬಹುದಿತ್ತು.' 'ಎರಡು ವರ್ಷದಲ್ಲಿ ಯಂತ್ರ ಈಗ ಪಕ್ವವಾಗಿದೆ.' ಕೊನೆಯದು ಡಾಕ್ಟರದೇ.

ಅಕ್ಕ ಇವನ್ನು ಓದಿ ಹೇಳಿದಾಗ ಟೈಲ್ಸಿನವರು ಫ್ಯಾನು ನೋಡಿದರು. ಜಡ್ಜರು ಕನ್ನಡಕ ಒರೆಸಿದರು.

"ಅತ್ತೆ ಮಂಡಿ ಮಾತು ಕೇಳ್ಕೊಂಡು ನನ್ನ ಕಿವಿ ಸುಳ್ಳು ಅನ್ನೋಕಾಗುತ್ತಾ?" ಡಾಕ್ಟರು ಎದ್ದು ನಿಂತಿದ್ದರು. "ಅವರ ಮಂಡಿಗೆ ಎಪ್ಪತ್ತೆಂಟು ವರ್ಷ. ಬಿಸಿ ಯಾವುದು ತಣ್ಣಗಿರೋದು ಯಾವುದು ಅದಕ್ಕೇನು ಗೊತ್ತು? ಒಂದು ಕೆಲಸ ಮಾಡೋಣ. ನಮ್ಮ ಮೂರು ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಬುಧವಾರಕ್ಕೆ ಮುಂಚೆ ನನಗೆ ವ್ಯತ್ಯಾಸ ಕೇಳಿಸ್ತು ಅಂತ ಹೇಳ್ಲಿ. ದೂರು ಕೊಡಲ್ಲ. ಏನ್ರೀ ಟೈಲ್ಸ್?"

"ನನಗೇನೋ ಒಂಥರಾ..." ಟೈಲ್ಸಿನವರು ಡಾಕ್ಟರ ಮುಖ ನೋಡಿದರು. "ಒಂಥರಾ ಇನ್ನೂ ಚೆನ್ನಾಗೇ ಕೇಳಿಸ್ತಿತ್ತು."

"ಜಡ್ಜ್ ಸಾಹೇಬ್ರೇ?"

"ಒಪ್ಪಿದೆ," ಎಂದರು ಜಡ್ಜರು.

ಅಕ್ಕನ ಹೆಬ್ಬೆರಳು ಒಂದು ಪುಟದ ಮೇಲೆ ನಿಂತಿತ್ತು. ಹದಿನಾಲ್ಕನೇ ತಾರೀಕು, ಹಲ್ಲು ಹಾಕಿಸಿದ ಮೇಲಿನ ಮೊದಲ ಭಾನುವಾರ. ಆ ಪುಟವನ್ನು ಅವರು ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು.

"ಸಂಜೆಯೊಳಗೆ ವಾಪಸ್ ಕೊಡ್ತೀನಿ," ಎಂದರು.

ಜಡ್ಜರ ಮನೆ ಮೂರನೇ ಮಹಡಿಯಲ್ಲಿತ್ತು. ಮಧ್ಯಾಹ್ನ ಎರಡೂವರೆ. ಲಿಫ್ಟಿನಲ್ಲಿ ತಮ್ಮ ಸ್ಕ್ರೂಡ್ರೈವರಿನ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

"ನಾನು ಕೆಳಗೇ ಇರ್ತೀನಿ ಅಕ್ಕ," ಎಂದ.

"ಯಾಕೆ? ಬೇಕಾದ್ರೆ ಮುಚ್ಚಳ ಬಿಚ್ಚೋರು ಯಾರು? ಬಾ."

ತಾಯಿ ತೀರಿಕೊಂಡಾಗ ಇವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಅಂದಿನಿಂದ ಇವನು ಮನೆಯ ಗಡಿಯಾರ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಹರಡಿ ಅಕ್ಕನಿಂದ ಬೈಸಿಕೊಂಡೇ ಬೆಳೆದವನು. ಈಗ ಐವತ್ತು ದಾಟಿದೆ. ಬಿಚ್ಚಿದ್ದನ್ನೆಲ್ಲ ಒಪ್ಪಿಕೊಂಡಿದ್ದಾನೆ, ಒಂದನ್ನೂ ಮುಚ್ಚಿಟ್ಟಿಲ್ಲ. ಆ ಒಂದು ನಂಬಿಕೆಯ ಮೇಲೆ ಅಕ್ಕ ಬೆಳಿಗ್ಗೆಯಿಂದ ಓಡಾಡುತ್ತಿದ್ದರು.

ಬಾಗಿಲು ತೆಗೆದ ಜಡ್ಜರು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ನಮ್ಮ ಮನೆಯವರು ಮಲಗಿದ್ದಾರೆ. ಮಧ್ಯಾಹ್ನದ ನಿದ್ದೆ ಕೆಡಿಸಿದ್ರೆ ರಾತ್ರಿವರೆಗೂ ವಿಚಾರಣೆ ನಡೆಯುತ್ತೆ."

ಹಾಗಾಗಿ ಮುಂದಿನ ಮಾತೆಲ್ಲ ಪಿಸುಮಾತಿನಲ್ಲೇ ನಡೆಯಿತು.

ಹಜಾರದಲ್ಲಿ ಡಾಕ್ಟರ ಮನೆಯಂಥದೇ ಪೆಟ್ಟಿಗೆ, ಅದೇ ನೀಲಿ ಮುಳ್ಳುಗಳು. ಅದರೊಳಗಿಂದ ಯಾರೋ ಒಬ್ಬಳು ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ ಕೂತು, ಪುಸ್ತಕ ತೆಗೆದು, ಆ ಪುಟವನ್ನು ಜಡ್ಜರ ಮುಂದೆ ಹಿಡಿದರು.

"ಇಲ್ಲಿ ಏನೋ ಬರೆದು, ಅಡಿಪಟ್ಟಿ ಇಟ್ಟು ಗೆರೆ ಹೊಡೆದಿದೆ. ಅದರ ಕೆಳಗೆ 'ಅದ್ಭುತ' ಅಂತ ಇದೆ. ಇದು ನಿಮ್ಮ ಕೈ ಅಲ್ವಾ?"

"ಕೈಬರಹ ಪರೀಕ್ಷೆ ಆಗಿದೆಯಾ?"

"ಕೆಳಗೆ ನಿಮ್ಮ ಸಹಿ ಇದೆ."

ಜಡ್ಜರು ಸಹಿಯನ್ನು ನೋಡಿದರು. "ಇದೆ," ಎಂದು ಒಪ್ಪಿಕೊಂಡರು.

"ಗೆರೆ ಹೊಡೆದದ್ದನ್ನ ಬೆಳಕಿಗೆ ಹಿಡಿದ್ರೆ ಓದಬಹುದು. 'ಇವತ್ತು ನಾದಕ್ಕೆ ಬೆನ್ನೆಲುಬಿಲ್ಲ. ಪಿಟೀಲು ಪಕ್ಕದ ಮನೆಯಿಂದ ಕೇಳಿದಂತಿದೆ.' ನಾಲ್ಕು ತಿಂಗಳ ಹಿಂದೆಯೇ ನಿಮಗೆ ಕೇಳಿಸಿತ್ತು ಸರ್. ಇವತ್ತು ಬೆಳಿಗ್ಗೆ ಡಾಕ್ಟರು ಕೇಳಿದಾಗ 'ಒಪ್ಪಿದೆ' ಅಂದ್ರಿ. ನಿಮ್ಮ ಒಂದು ಮಾತಿಗೆ ಒಬ್ಬ ಮನುಷ್ಯನ ಮಾನ ಉಳೀತಿತ್ತು."

ಜಡ್ಜರು ಪುಸ್ತಕ ಮುಚ್ಚಿ ಅಕ್ಕನ ಕಡೆ ಸರಿಸಿದರು. "ಮೂರು ಜನರ ಪೀಠ ಅಮ್ಮ ಅದು," ಎಂದರು. "ನಾನು ಬರೆದು ಮುಗಿಸೋ ಹೊತ್ತಿಗೆ ಪಕ್ಕದಲ್ಲಿ ಡಾಕ್ಟರ ಕಣ್ಣಲ್ಲಿ ನೀರು. ಟೈಲ್ಸಿನವರು ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದಾರೆ. ಭಿನ್ನಾಭಿಪ್ರಾಯದ ತೀರ್ಪು ಕೊಡೋಕೆ ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಕುರ್ಚೀಲಿ ಕೂತಾಗ ಯಾರಿಗೂ ಹೆದರಿದವನಲ್ಲ. ಸೋಫಾದಲ್ಲಿ ಕೂತಾಗ ಹೆದರಿದೆ."

"ಆ ಮಾತು ನಾನು ನಂಬ್ತೀನಿ," ಎಂದರು ಅಕ್ಕ. "ಆದ್ರೆ ಇನ್ನೊಂದು ಇದೆ. ಆ ಕೋಣೇಲಿ ಇಬ್ಬರಿಗೆ ಏನೂ ತಿಳೀಲಿಲ್ಲ. ನಿಮಗೊಬ್ಬರಿಗೆ ಮೊದಲನೇ ದಿನವೇ ತಿಳೀತು. ನಿಮ್ಮ ಕಿವಿ ಅಷ್ಟು ಚುರುಕಾ, ಅಥವಾ ಆ ದನಿ ನಿಮಗೆ ಮುಂಚೆಯೇ ಪರಿಚಯ ಇತ್ತಾ?"

ಜಡ್ಜರು ಉತ್ತರಿಸುವ ಮೊದಲೇ ಅಕ್ಕ ಎದ್ದು ಹಾಡುತ್ತಿದ್ದ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳದ ಮೇಲೆ ಅಂಗೈ ಇಟ್ಟರು. ಮಗುವಿಗೆ ಜ್ವರ ನೋಡುವ ಹಾಗೆ.

"ಎಷ್ಟು ಹೊತ್ತಿಂದ ಹಾಡ್ತಿದೆ?"

"ಹನ್ನೆರಡರಿಂದ."

"ಎರಡೂವರೆ ಗಂಟೆ. ತಣ್ಣಗಿದೆ." ಅಕ್ಕ ಬಾಗಿಲ ಬಳಿ ನಿಂತಿದ್ದವನ ಕಡೆ ತಿರುಗಿದರು. "ತಮ್ಮಾ, ಬಾ ಇಲ್ಲಿ. ಇದರ ಮುಚ್ಚಳ ಬಿಚ್ಚು."

ತಮ್ಮ ಅಲುಗಲಿಲ್ಲ.

"ಬಿಚ್ಚೋ."

"ಬೇಡ ಅಕ್ಕ."

"ಅವನಿಗೆ ತೊಂದರೆ ಕೊಡಬೇಡಿ," ಎಂದರು ಜಡ್ಜರು. "ಒಳಗೇನಿದೆ ಅಂತ ಅವನಿಗೆ ಗೊತ್ತು. ಎರಡು ಕಲ್ಲು, ಒಂದು ಸಣ್ಣ ಬೋರ್ಡು. ಕಟ್ಟಿಕೊಟ್ಟಿದ್ದೇ ಅವನು."

ಒಳಗಿನ ಕೋಣೆಯಿಂದ ಸಣ್ಣ ಗೊರಕೆ ಕೇಳಿಸುತ್ತಿತ್ತು. ಪೆಟ್ಟಿಗೆಯ ಹಾಡು ಮುಗಿದು ಇನ್ನೊಂದು ಶುರುವಾಯಿತು.

ಅಕ್ಕ ಕುರ್ಚಿಯ ಹಿಡಿ ಹಿಡಿದು ನಿಧಾನವಾಗಿ ಕೂತರು. ಸುಟ್ಟ ಗೋದಾಮುಗಳ ಮುಂದೆ ನಿಂತು ಎಷ್ಟೋ ಜನರ ಸುಳ್ಳು ಹಿಡಿದಿದ್ದರು. ಆಗೆಲ್ಲ ಒಂದು ಬಗೆಯ ಹುರುಪು ಇರುತ್ತಿತ್ತು. ಈಗ ಅದರ ಸುಳಿವೂ ಇರಲಿಲ್ಲ.

"ಬೆಳಿಗ್ಗೆ ನಾನು ಕೇಳಿದಾಗ ನೀನು ಇಲ್ಲ ಅಂದೆ."

"ನೀನು ತೆಗೆದೆಯಾ ಅಂತ ಕೇಳ್ದೆ. ನಾನು ತೆಗೀಲಿಲ್ಲ ಅಕ್ಕ. ಕಟ್ಟಿದೆಯಾ ಅಂತ ನೀನು ಕೇಳಲಿಲ್ಲ." ತಮ್ಮ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಸುಟ್ಟ ಸಾಮಾನಿನ ಹರಾಜಲ್ಲಿ ಇದೇ ಮಾಡೆಲ್ಲಿನ ಎರಡು ಖಾಲಿ ಪೆಟ್ಟಿಗೆ ಸಿಕ್ಕಿತ್ತು. ಹೊರಗಿನ ಲೋಹ ಗಟ್ಟಿ, ಉಜ್ಜಿ ಪಾಲಿಶ್ ಮಾಡಿದ್ರೆ ಹೊಸದರ ಹಾಗೆ. ಇವರು ನೋಡಿ, ಹೀಗೆ ಒಂದು ಮಾಡಿಕೊಡು ಅಂದ್ರು. ಮಾಡಿಕೊಟ್ಟೆ. ಭಾರಕ್ಕೆ ಟೈಲ್ಸ್ ಅಂಗಡಿ ಹಿಂದೆ ಬಿದ್ದಿದ್ದ ಕಲ್ಲಿನ ತುಂಡು ಹಾಕ್ದೆ. ಮೋಸ ಮಾಡೋಕೆ ಅಂತ ನನಗೆ ಅನ್ನಿಸಲಿಲ್ಲ. ಇವರ ಮನೆ, ಇವರ ಪೆಟ್ಟಿಗೆ."

"ನಿಮ್ಮ ಅಸಲಿ ಪೆಟ್ಟಿಗೆ ಏನಾಯ್ತು ಸರ್?" ಅಕ್ಕ ಜಡ್ಜರನ್ನು ಕೇಳಿದರು. "ಇಂಥದ್ದೊಂದು ಯಾಕೆ ಬೇಕಾಯ್ತು?"

"ಅದು ಬೇರೆ ವಿಷಯ," ಎಂದರು ಜಡ್ಜರು ಆತುರವಾಗಿ. "ಅಸಲಿ ಈಗ ನನ್ನ ಹತ್ತಿರ ಇಲ್ಲ ಅಂತ ಇಟ್ಕೊಳ್ಳಿ. ನಮ್ಮ ಭಾನುವಾರದ ಮಂಡಳಿ ಬಿಡೋಕೆ ಮನಸ್ಸಾಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ. ಡಾಕ್ಟರು ಇಲ್ಲಿ ಬಂದು ಇದನ್ನ ಕೇಳಿ ಏನು ಬರೆದಿದ್ದಾರೆ ಓದಿದ್ರಾ? ನನ್ನದಕ್ಕಿಂತ ಜಡ್ಜರದು ಒಂದು ಕೂದಲೆಳೆ ಹೆಚ್ಚು ಆಳ, ಅಂತ. ಆ ವಾರ ಅವರಿಗೆ ಹೊಟ್ಟೆಕಿಚ್ಚಿಂದ ನಿದ್ದೆ ಬಂದಿಲ್ಲ."

ಹೇಳುತ್ತ ಅವರಿಗೇ ನಗು ಬಂತು. ನಗುವನ್ನೂ ಪಿಸುಮಾತಿನಲ್ಲೇ ನಕ್ಕರು. ಅಕ್ಕ ನಗಲಿಲ್ಲ.

"ಖಾಲಿ ಪೆಟ್ಟಿಗೆ ಎರಡು ಅಂದೆ," ಎಂದರು ತಮ್ಮನಿಗೆ.

"ಹೂಂ."

"ಒಂದು ಇಲ್ಲಿದೆ. ಇನ್ನೊಂದು ಡಾಕ್ಟರ ಮನೇಲಿ. ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ನಿನಗೆ ನಿನ್ನ ಕೈಕೆಲಸದ ಗುರುತು ಸಿಕ್ತು. ಅದಕ್ಕೇ ಮುಖ ಹಾಗಾಯ್ತು."

"ಹೇಳಿದ್ರೆ ಯಾರು ನಂಬ್ತಿದ್ರು ಅಕ್ಕ? ಖಾಲಿ ಪೆಟ್ಟಿಗೆ ಕಟ್ಟಿದವನೂ ನಾನೇ, ಬುಧವಾರ ಒಬ್ಬನೇ ಇದ್ದವನೂ ನಾನೇ. ಡಾಕ್ಟರು ನಾಳೆವರೆಗೂ ಕಾಯ್ತಿರಲಿಲ್ಲ, ಅಲ್ಲೇ ಪೊಲೀಸರನ್ನ ಕರೀತಿದ್ರು."

"ನನಗಾದ್ರೂ ಹೇಳಬಹುದಿತ್ತು."

ತಮ್ಮ ತಲೆ ತಗ್ಗಿಸಿದ. "ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರಿಗೆ? ಎರಡನೇ ಪೆಟ್ಟಿಗೆ ಮಾಡಿಸಿದ್ದು ಯಾರು?"

"ಬಿಡು ಅಕ್ಕ."

"ನಾಳೆ ಹತ್ತಕ್ಕೆ ನಿನ್ನನ್ನ ಠಾಣೆಗೆ ಎಳೀತಾರೆ ಕಣೋ. ಅವರು ಬಂದು ಬಿಡಿಸ್ತಾರಾ?"

"ಬಿಡಿಸ್ತಾರೆ ಅಂತಲೇ ಇವತ್ತು ಧೈರ್ಯ ಬಂತು. ತಾರೀಕು ಹೇಳಿ ನನ್ನನ್ನ ಉಳಿಸೋಕೆ ನೋಡಿದ್ರಲ್ಲ."

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದರು. ಬೆತ್ತದ ಕುರ್ಚಿ, ಪದಬಂಧ, ಮಂಡಿಯ ಬಟ್ಟೆ, ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ತಾರೀಕನ್ನು ಅಷ್ಟು ಕರಾರುವಾಕ್ಕಾಗಿ ಹೇಳಿದ ಆ ಮುದುಕಿ ನಿಜವನ್ನೇ ಹೇಳಿದ್ದರು. ಆದರೆ ಅರ್ಧ.

"ಡಾಕ್ಟರ ಅತ್ತೆ," ಎಂದರು ಅಕ್ಕ.

ತಮ್ಮ ಹೌದೆಂದು ತಲೆಯಾಡಿಸಿದ. "ಬಾಡಿಗೆ ವ್ಯಾನು ಮಾಡ್ಕೊಂಡು ನನ್ನ ರಿಪೇರಿ ಅಂಗಡಿಗೆ ಬಂದಿದ್ರು. ಪೆಟ್ಟಿಗೆ ವ್ಯಾನಿಗೆ ಏರಿಸಿಕೊಟ್ಟೆ. ಅಷ್ಟೇ ನನಗೆ ಗೊತ್ತು. ಅಸಲಿ ಪೆಟ್ಟಿಗೆ ಐವತ್ತೆಂಟು ಕಿಲೋ. ಅದನ್ನ ಯಾರು ಎತ್ತಿದ್ರು, ಎಲ್ಲಿಗೆ ಸಾಗಿಸಿದ್ರು, ದೇವರಾಣೆ ಗೊತ್ತಿಲ್ಲ."

"ಯಾಕೆ ಅಂತ ಕೇಳಲಿಲ್ವಾ?"

"ಕೇಳ್ದೆ. ಮೊದಲು ಮಂಡಿ ವಿಷಯ, ಹಲ್ಲಿನ ವಿಷಯ ಏನೇನೋ ಮಾತಾಡಿದ್ರು. ಆಮೇಲೆ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು. ನನ್ನ ಅಳಿಯ ಅದನ್ನ ಹಗಲೂ ರಾತ್ರಿ ಆರಿಸೋದೇ ಇಲ್ಲ, ಅದರ ಬಗ್ಗೆ ಒಂದು ಮಾತು ಆಡಿದ್ರೂ ಕೇಳಿಸ್ಕೊಳ್ಳಲ್ಲ, ಅವನ ಜೀವ ಉಳಿಸ್ಬೇಕಪ್ಪ, ಅಂದ್ರು."

ಹಾಡು ನಿಂತಿತು. ಜಡ್ಜರು ಗುಂಡಿ ತಿರುಗಿಸಿ ಆರಿಸಿದ್ದರು. ಅವರ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. ಅವರು ಮೊದಲು ಹೆಂಡತಿ ಮಲಗಿದ್ದ ಕೋಣೆಯ ಬಾಗಿಲನ್ನು ಎಳೆದುಕೊಂಡರು. ಆಮೇಲೆ ಹೊರಬಾಗಿಲಿಗೆ ಬಂದು ಚಿಲಕ ಹಾಕಿದರು.

"ಹಾಗಾದ್ರೆ ಅವರಿಗೂ ಗೊತ್ತಾಗಿದೆ," ಎಂದರು.

"ಏನು ಸರ್?"

ಜಡ್ಜರು ಅಕ್ಕನನ್ನು ನೋಡಲಿಲ್ಲ. ತಮ್ಮನನ್ನು ನೋಡಿದರು. "ಹರಾಜಲ್ಲಿ ಎರಡು ಸುಟ್ಟ ಪೆಟ್ಟಿಗೆ ತಂದೆಯಲ್ಲ, ಅವು ಯಾರ ಮನೇವು ಅಂತ ವಿಚಾರಿಸಿದ್ಯಾ?"

"ಇಲ್ಲ ಸರ್."

"ನಾನು ವಿಚಾರಿಸ್ದೆ. ರಾತ್ರಿ ಆರಿಸದೆ ಬಿಟ್ಟಿದ್ದ ಪೆಟ್ಟಿಗೆಯಿಂದಲೇ ಎರಡೂ ಮನೆಗೆ ಬೆಂಕಿ ಬಿತ್ತು. ಆ ಎರಡರ ಮಾಲೀಕರೂ ಈಗ ಅಭಿಪ್ರಾಯ ಬರೆಯೋ ಸ್ಥಿತೀಲಿಲ್ಲ."